ಕತ್ತಲಾದರೆ ಹೊರಗಿನ ಸೆನ್ಸರ್ ನಾಪತ್ತೆ: ಹೊಸದು ತಗೋಬೇಕಾ, ಬೇರೆ ಕಾರಣ ಇದೆಯಾ?

ಮೋಡಗಣ್ಣು

ಎಲ್ಲರಿಗೂ ನಮಸ್ಕಾರ. ನನ್ನದು ಮನೆಯಲ್ಲೇ ಇಟ್ಟುಕೊಳ್ಳುವ ಹವಾಮಾನ ಕೇಂದ್ರ. ಹಿತ್ತಲಿನ ಕಂಬದ ಮೇಲೆ ಗಾಳಿ, ಮಳೆ, ತಾಪಮಾನ, ತೇವಾಂಶ ಎಲ್ಲವನ್ನೂ ಅಳೆಯುವ ಒಂದೇ ಸೆನ್ಸರ್ ಇದೆ. ಅದರ ರೀಡಿಂಗ್ ಹಿಡಿದು ತೋರಿಸುವ ಪರದೆ, ಅಂದರೆ ಕನ್ಸೋಲ್, ಮನೆಯೊಳಗೆ, ಕಂಬದಿಂದ ಸುಮಾರು 25 ಮೀಟರ್ ದೂರದಲ್ಲಿದೆ. ನಡುವೆ ಎರಡು ಗೋಡೆ. 433 ಮೆಗಾಹರ್ಟ್ಸ್ ರೇಡಿಯೋ ಅಲೆಯ ಮಾದರಿ, 16 ಸೆಕೆಂಡಿಗೊಮ್ಮೆ ರೀಡಿಂಗ್ ಕಳಿಸುತ್ತದೆ.

ಹಗಲಿಡೀ ಏನೂ ತೊಂದರೆ ಇಲ್ಲ. ಕತ್ತಲಾಗುತ್ತಿದ್ದಂತೆ ಪರದೆ ಮೇಲೆ ಅಂಕಿಗಳ ಬದಲು ಬರೀ ಅಡ್ಡಗೆರೆ. ನಡುವೆ ಒಂದೆರಡು ರೀಡಿಂಗ್ ಬರುತ್ತವೆ, ಮತ್ತೆ ಮಾಯ. ರಾತ್ರಿ ಹನ್ನೊಂದರ ಹೊತ್ತಿಗೆ ತಾನಾಗಿಯೇ ಸರಿಹೋಗುತ್ತದೆ. ಬೆಳಗ್ಗೆ ಗ್ರಾಫ್ ನೋಡಿದರೆ ಸಂಜೆಯ ಜಾಗ ಖಾಲಿ.

ಕಂಪನಿಯವರನ್ನು ಕೇಳಿದರೆ ಸೆನ್ಸರ್ ಬದಲಿಸಿ ಅಂತಾರೆ. ಮನೆಯಲ್ಲಿ ವೈಫೈ ಎಕ್ಸ್‌ಟೆಂಡರ್ ಹಾಕಿ ನೋಡೋಣ ಅಂತಿದ್ದಾರೆ. ಯಾವುದು ಸರಿ? ಯಾರಿಗಾದರೂ ಹೀಗಾಗಿದೆಯಾ?

ಗಾಳಿಮಾತು

ಬ್ಯಾಟರಿ. ನೂರಕ್ಕೆ ತೊಂಬತ್ತು ಸಲ ಬ್ಯಾಟರಿಯೇ. ಕತ್ತಲಾದ ಮೇಲೆ ಸೋಲಾರ್ ಫಲಕ ಕೆಲಸ ಮಾಡಲ್ಲ, ಒಳಗಿನ ಸೆಲ್ ಸತ್ತಿದ್ದರೆ ಸೆನ್ಸರ್ ಮಲಗುತ್ತದೆ. ರೀಚಾರ್ಜ್ ಆಗುವ ಸೆಲ್ ಹಾಕಿದ್ದರೆ ಮೊದಲು ತೆಗೀರಿ. ಅವು 1.2 ವೋಲ್ಟ್, ಸಾಮಾನ್ಯ ಸೆಲ್ 1.5. ಎರಡು ಸೆಲ್ ಸೇರಿದರೆ ಅರ್ಧ ವೋಲ್ಟಿಗಿಂತ ಜಾಸ್ತಿ ವ್ಯತ್ಯಾಸ ಆಗುತ್ತದೆ. ಲೀಥಿಯಂ ಎಎ ಹಾಕಿ, ಚಳಿಯಲ್ಲೂ ನಿಲ್ಲುತ್ತದೆ.

ಹಳೇರೇಡಿಯೋ

ಬ್ಯಾಟರಿ ಇರಬಹುದು, ಆದರೆ ಹನ್ನೊಂದಕ್ಕೆ ತಾನಾಗಿಯೇ ಸರಿಹೋಗುವ ಬ್ಯಾಟರಿ ನಾನಂತೂ ಕಂಡಿಲ್ಲ. ಸೋಲಾರ್ ಕೈಕೊಟ್ಟರೆ ನಿಲ್ಲುವುದು ನಡುರಾತ್ರಿ ದಾಟಿದ ಮೇಲೆ ಅಥವಾ ನಸುಕಿಗೆ. ಬಿಸಿಲು ಬಿದ್ದ ಮೇಲೆ ಎದ್ದೇಳುತ್ತದೆ. ಇಲ್ಲಿ ಆಗುತ್ತಿರುವುದು ತಿರುವುಮುರುವು.

ವೈಫೈ ಎಕ್ಸ್‌ಟೆಂಡರ್ ಮಾತ್ರ ಈಗಲೇ ಬೇಡ. ಇಲ್ಲಿ ಎರಡು ಬೇರೆ ಬೇರೆ ರೇಡಿಯೋ ಕೊಂಡಿ ಇವೆ. ಸೆನ್ಸರ್‌ನಿಂದ ಕನ್ಸೋಲ್‌ಗೆ ಬರುವುದು 433 ಮೆಗಾಹರ್ಟ್ಸ್‌ನಲ್ಲಿ. ಬೇರೆ ದೇಶಗಳ ಮಾದರಿಗಳಲ್ಲಿ 868 ಅಥವಾ 915 ಇರುತ್ತದೆ. ಕನ್ಸೋಲ್‌ನಿಂದ ರೂಟರ್‌ಗೆ ಹೋಗುವುದು ವೈಫೈ, ಅದು ಹೆಚ್ಚಾಗಿ 2.4 ಗಿಗಾಹರ್ಟ್ಸ್. ಪರದೆ ಮೇಲೆ ಅಂಕಿ ಇದ್ದು ಫೋನಿನ ಆ್ಯಪ್‌ನಲ್ಲಿ ಬರದಿದ್ದರೆ ತಪ್ಪು ವೈಫೈ ಕಡೆ. ನಿಮಗೆ ಪರದೆ ಮೇಲೇ ಅಡ್ಡಗೆರೆ ಬರುತ್ತಿದೆ. ಹಾಗಾಗಿ ರೂಟರ್ ಪಾಪ, ಅದರ ತಂಟೆಗೆ ಹೋಗಬೇಡಿ.

ಎರಡು ವಿಷಯ ಹೇಳಿ. ಅದೇ ಕನ್ಸೋಲ್‌ಗೆ ಬೇರೆ ಸೆನ್ಸರ್ ಏನಾದರೂ ಜೋಡಿಸಿದ್ದೀರಾ? ಸಂಜೆ ಅದೂ ಮಾಯ ಆಗುತ್ತದಾ? ಮತ್ತೆ ಕನ್ಸೋಲ್ ಇಟ್ಟಿರುವ ಜಾಗದಲ್ಲಿ ಏನೇನಿದೆ?

ಮೋಡಗಣ್ಣು

ಸೆಲ್ ಹೊಸದೇ, ಆಲ್ಕಲೈನ್. ಆ್ಯಪ್‌ನಲ್ಲಿ ವೋಲ್ಟೇಜ್ ಕೂಡ ಸರಿಯಾಗಿದೆ.

ಪಕ್ಕದ ಕೋಣೆಯಲ್ಲಿ ತಾಪಮಾನ, ತೇವಾಂಶದ ಸಣ್ಣ ಸೆನ್ಸರ್ ಒಂದಿದೆ. ಕನ್ಸೋಲ್‌ನಿಂದ ಹೆಚ್ಚೆಂದರೆ 6 ಮೀಟರ್. ನೀವು ಕೇಳಿದ ಮೇಲೆ ಅದರ ಗ್ರಾಫ್ ತೆಗೆದು ನೋಡಿದೆ. ಅಲ್ಲೂ ಸಂಜೆ ಹೊತ್ತು ತೂತುಗಳಿವೆ! ಹೊರಗಿನದರಷ್ಟು ಇಲ್ಲ, ಆದರೆ ಇವೆ. ಇದನ್ನು ಯಾರೂ ಗಮನಿಸಿರಲಿಲ್ಲ.

ಕನ್ಸೋಲ್ ಇರುವುದು ಕಿಟಕಿ ಪಕ್ಕದ ಮೇಜಿನ ಮೇಲೆ. ಹತ್ತಿರ ಟಿವಿ, ಸೆಟ್‌ಟಾಪ್ ಬಾಕ್ಸ್, ಫೋನ್ ಚಾರ್ಜರ್‌ಗಳು.

ಹಳೇರೇಡಿಯೋ

ಅರ್ಧ ಉತ್ತರ ಸಿಕ್ಕಿತು. ಎರಡು ಸೆನ್ಸರ್, ಎರಡು ಜಾಗ, ಎರಡರ ಬ್ಯಾಟರಿಯೂ ಬೇರೆ. ಆದರೂ ಒಂದೇ ಹೊತ್ತಿಗೆ ಎರಡೂ ತಪ್ಪುತ್ತಿವೆ ಅಂದರೆ ಕಳಿಸುವ ಕಡೆ ತೊಂದರೆ ಇಲ್ಲ. ಕೇಳಿಸಿಕೊಳ್ಳುವ ಕಡೆ ಇದೆ. ಕನ್ಸೋಲ್ ಸುತ್ತ ಸಂಜೆ ಹೊತ್ತು ಯಾವುದೋ ರೇಡಿಯೋ ಗದ್ದಲ ಏಳುತ್ತಿದೆ. ಇಂಥ ಸೆನ್ಸರ್ ಕೆಲವೇ ಮಿಲಿವಾಟ್ ಶಕ್ತಿಯಲ್ಲಿ ಕಳಿಸುತ್ತದೆ. ಗದ್ದಲ ಜಾಸ್ತಿಯಾದರೆ ಪಿಸುಮಾತು ಕೇಳಿಸುವುದಿಲ್ಲ, ಅಷ್ಟೇ. ಒಳಗಿನದು ಹತ್ತಿರ ಇದೆ, ಆದ್ದರಿಂದ ಕಡಿಮೆ ತಪ್ಪುತ್ತದೆ.

ಸಿಗ್ನಲ್ ಎಷ್ಟಿದೆ ಅಂತ ನೋಡುವುದಕ್ಕಿಂತ ಯಾವಾಗ ಹೋಗುತ್ತದೆ ಅಂತ ನೋಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ನಸುಕಿನಲ್ಲಿ ಹೋದರೆ ಬ್ಯಾಟರಿ ಅಥವಾ ಸೋಲಾರ್‌ನ ಕೆಪಾಸಿಟರ್. ಮಳೆ ಬಂದಾಗ ಹೋಗಿ, ಒಣಗಿದ ಮೇಲೆ ಬಂದರೆ ಸೆನ್ಸರ್ ಒಳಗೆ ನೀರು ಹೋಗಿದೆ ಅಥವಾ ಬ್ಯಾಟರಿ ಗೂಡಿನ ಲೋಹ ಕಿಲುಬು ಹಿಡಿದಿದೆ. ಮಳೆಗಾಲ ಶುರುವಾದ ಮೇಲೆ ದಿನೇ ದಿನೇ ಕಡಿಮೆಯಾದರೆ ನಡುವಿನ ಗಿಡಮರ ನೋಡಿ. ಎಲೆ ತುಂಬಿದ ಒದ್ದೆ ಮರ ರೇಡಿಯೋ ಅಲೆಯನ್ನು ಚೆನ್ನಾಗಿ ನುಂಗುತ್ತದೆ. ತುಂಬಾ ಚಳಿಯಲ್ಲೋ ಸುಡುಬಿಸಿಲಲ್ಲೋ ಹೋದರೆ ಬ್ಯಾಟರಿ ಇರಬಹುದು, ಅಥವಾ ಸೆನ್ಸರ್‌ನ ಆವರ್ತನ ಕಾಯುವ ಒಳಗಿನ ಹರಳು ತಾಪಕ್ಕೆ ತನ್ನ ಆವರ್ತನದಿಂದ ಸ್ವಲ್ಪ ಸರಿದಿರಬಹುದು. ಒಂದು ದಿನ ಇದ್ದಕ್ಕಿದ್ದಂತೆ ಪೂರ್ತಿ ನಿಂತು ಮತ್ತೆ ಬರಲೇ ಇಲ್ಲ ಅಂದರೆ, ಬ್ಯಾಟರಿ ಬದಲಿಸಿದಾಗ ಸೆನ್ಸರ್ ಹೊಸ ಗುರುತು ಸಂಖ್ಯೆ ತಗೊಂಡಿರಬಹುದು. ಕಡಿಮೆ ಬೆಲೆಯ ಎಷ್ಟೋ ಮಾದರಿಗಳು ಹಾಗೆ ಮಾಡುತ್ತವೆ. ಕನ್ಸೋಲ್ ಹಳೇ ಸಂಖ್ಯೆಗೇ ಕಾಯುತ್ತಾ ಕೂತಿರುತ್ತದೆ.

ಕತ್ತಲಾದಾಗಿನಿಂದ ಮಲಗುವ ಹೊತ್ತಿನವರೆಗೆ ಅಂದರೆ ನನ್ನ ಅನುಮಾನ ದೀಪಗಳ ಮೇಲೆ.

ಮಳೆಲೆಕ್ಕ

ನಡುವೆ ಬಾಯಿ ಹಾಕುತ್ತೇನೆ. ಗ್ರಾಫ್‌ನಲ್ಲಿ ತೂತು ನೋಡಿ ಮಳೆ ಲೆಕ್ಕವೂ ಹಾಳಾಯಿತು ಅಂತ ತಲೆ ಕೆಡಿಸಿಕೊಳ್ಳಬೇಡಿ. ಹೆಚ್ಚಿನ ಸೆನ್ಸರ್‌ಗಳು ಈಗ ಬಿದ್ದ ಮಳೆಯನ್ನಷ್ಟೇ ಕಳಿಸುವುದಿಲ್ಲ. ಇಲ್ಲಿವರೆಗಿನ ಎಣಿಕೆ ಕಳಿಸುತ್ತವೆ. ನಡುವೆ ನೂರು ಪ್ಯಾಕೆಟ್ (ಒಂದು ಸಲಕ್ಕೆ ಕಳಿಸುವ ರೀಡಿಂಗ್) ತಪ್ಪಿದರೂ ಮುಂದಿನದು ಬಂದಾಗ ಒಟ್ಟು ಮೊತ್ತ ಸರಿಹೋಗುತ್ತದೆ. ಆ ಮಳೆ ಯಾವ ಗಂಟೆಯಲ್ಲಿ ಬಿತ್ತು, ಎಷ್ಟು ಜೋರಾಗಿ ಬಿತ್ತು ಅನ್ನುವುದು ಮಾತ್ರ ತಪ್ಪಾಗುತ್ತದೆ. ಸಂಜೆಯ ಮಳೆಯೆಲ್ಲ ಹನ್ನೊಂದಕ್ಕೆ ಒಂದೇ ಸಲ ಸುರಿದ ಹಾಗೆ ಗ್ರಾಫ್‌ನಲ್ಲಿ ಕಾಣುತ್ತದೆ.

ಕಳೆದೇ ಹೋಗುವುದು ಬೀಸುಗಾಳಿಯ ಗರಿಷ್ಠ ವೇಗ. ಅದು ಆ ಕ್ಷಣದ್ದು, ತಪ್ಪಿದರೆ ತಪ್ಪಿತು. ಬಿರುಗಾಳಿ ಹೆಚ್ಚಾಗಿ ಸಂಜೆ ಹೊತ್ತೇ ಏಳುವ ಕಾಲ ಆದರೆ ಬೇಗ ಸರಿಮಾಡಿಕೊಳ್ಳಿ.

ತಂತಿಮನುಷ್ಯ

ಇಷ್ಟೆಲ್ಲ ಯಾಕೆ? ಕನ್ಸೋಲ್ ಬಿಚ್ಚಿ, ಒಳಗಿನ ಪುಟ್ಟ ಸುರುಳಿ ಆಂಟೆನಾ ತೆಗೆದು 17.3 ಸೆಂ.ಮೀ. ನೇರ ತಂತಿ ಬೆಸುಗೆ ಹಾಕಿ. 433 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 69 ಸೆಂ.ಮೀ., ಅದರ ಕಾಲು ಭಾಗ ಅದು. 868ಕ್ಕಾದರೆ 8.6, 915ಕ್ಕಾದರೆ 8.2 ಸೆಂ.ಮೀ. ನನ್ನ ಕನ್ಸೋಲ್‌ಗೆ ಹೀಗೇ ಮಾಡಿದ್ದೇನೆ, ಪರದೆಯ ಸಿಗ್ನಲ್ ಕಡ್ಡಿಗಳು ಎರಡರಿಂದ ನಾಲ್ಕಕ್ಕೆ ಏರಿವೆ.

ಹಳೇರೇಡಿಯೋ

ಲೆಕ್ಕ ಸರಿ ಇದೆ, ಒಪ್ಪಿದೆ. ಸಿಗ್ನಲ್ ದುರ್ಬಲ ಇರುವ ಮನೆಗೆ ಒಳ್ಳೇ ಉಪಾಯ. ಆದರೆ ಇವರ ತೊಂದರೆ ಗದ್ದಲದ್ದು. ಆಂಟೆನಾ ದೊಡ್ಡದು ಮಾಡಿದರೆ ಸೆನ್ಸರ್ ಜೊತೆ ಗದ್ದಲವೂ ಜೋರಾಗಿ ಕೇಳುತ್ತದೆ. ಎರಡರ ನಡುವಿನ ಅಂತರ ಹಾಗೇ ಉಳಿಯುತ್ತದೆ. ಬಿಚ್ಚಿದರೆ ವಾರಂಟಿಯೂ ಹೋಗುತ್ತದೆ.

ಕಳಿಸುವ ಕಡೆ, ಅಂದರೆ ಸೆನ್ಸರ್‌ಗೆ ದೊಡ್ಡ ಆಂಟೆನಾ ಹಾಕುವುದಂತೂ ಬೇಡ. ಲೈಸೆನ್ಸ್ ಇಲ್ಲದೆ ಬಳಸುವ ಈ ಆವರ್ತನ ಪಟ್ಟಿಗಳಲ್ಲಿ ಹೊರಸೂಸುವ ಶಕ್ತಿಗೆ ಕಾನೂನಿನ ಮಿತಿ ಇದೆ. ದಿಕ್ಕಿನ ಆಂಟೆನಾ ಹಾಕಿದರೆ ಆ ಮಿತಿ ದಾಟಬಹುದು.

ಮೋಡಗಣ್ಣು

ಕಡ್ಡಿ ಅಂದಾಗ ನೆನಪಾಯಿತು. ನನ್ನದರಲ್ಲಿ ನಾಲ್ಕು ಕಡ್ಡಿ ತೋರಿಸುತ್ತಲೇ ಇರುತ್ತದೆ, ಒಂದು ನಿಮಿಷದಲ್ಲಿ ಸೊನ್ನೆ. ಮತ್ತೆ ನಾಲ್ಕು. ಇಷ್ಟು ಬೇಗ ಸಿಗ್ನಲ್ ಹೇಗೆ ಏರಿಳಿಯುತ್ತದೆ?

ಮಳೆಲೆಕ್ಕ

ಅದು ಮೊಬೈಲ್‌ನ ಕಡ್ಡಿ ಥರ ಅಲ್ಲ. ಇಕೋವಿಟ್ ಕಂಪನಿಯ ಗೇಟ್‌ವೇಗಳಂಥ (ಸೆನ್ಸರ್ ರೀಡಿಂಗ್ ಹಿಡಿದು ವೈಫೈಗೆ ದಾಟಿಸುವ ಪೆಟ್ಟಿಗೆ) ಸಾಧನಗಳಲ್ಲಿ ನಾಲ್ಕು ಕಡ್ಡಿ ಅಂದರೆ ಹಿಂದಿನ ನಾಲ್ಕು ಪ್ಯಾಕೆಟ್‌ಗಳೂ ಬಂದವು ಅಂತ ಅರ್ಥ. ಎರಡು ಅಂದರೆ ನಾಲ್ಕರಲ್ಲಿ ಎರಡು ಬಂತು. ಅಲೆ ಎಷ್ಟು ಬಲವಾಗಿದೆ ಅಂತ ಅದು ಹೇಳುವುದೇ ಇಲ್ಲ. 16 ಸೆಕೆಂಡಿಗೊಂದರಂತೆ ನಾಲ್ಕು ಪ್ಯಾಕೆಟ್ ಅಂದರೆ ಒಂದೇ ನಿಮಿಷದ ಕಥೆ. ಬರೀ ಆ ಕಡ್ಡಿ ನೋಡಿ ಕನ್ಸೋಲ್ ಎಲ್ಲಿಡಬೇಕು ಅಂತ ತೀರ್ಮಾನ ಮಾಡಿದರೆ ಸುಮ್ನೆ ಅಲೆದಾಟ.

ಒಂದು ದಿನಕ್ಕೆ 5400 ಪ್ಯಾಕೆಟ್ ಬರಬೇಕು. ಆ್ಯಪ್‌ನಲ್ಲೋ ಕಂಪ್ಯೂಟರ್‌ನಲ್ಲೋ ಎಷ್ಟು ಬಂತು ಅಂತ ನೋಡುವ ದಾರಿ ಇದ್ದರೆ ಅದನ್ನು ನಂಬಿ. ಗಂಟೆಗೆ 225 ಬರಬೇಕು. ಅಲ್ಲೊಂದು ಇಲ್ಲೊಂದು ತಪ್ಪುವುದು ಸಹಜ, ಈ ಸೆನ್ಸರ್‌ಗಳು ಒಮ್ಮೆ ಕೂಗಿ ಸುಮ್ಮನಾಗುತ್ತವೆ. ತಲುಪಿತಾ ಅಂತ ಕೇಳುವುದಿಲ್ಲ, ತಪ್ಪಿದ್ದನ್ನು ಮತ್ತೆ ಕಳಿಸುವುದೂ ಇಲ್ಲ.

ಹಳೇರೇಡಿಯೋ

ಸರಿ, ಈಗ ಹುಡುಕೋಣ. ಕನ್ಸೋಲ್ ಯುಎಸ್‌ಬಿಯಿಂದ ನಡೆಯುವುದಾದರೆ ಅದರ ಅಡಾಪ್ಟರ್ ಬಿಟ್ಟು ಪವರ್ ಬ್ಯಾಂಕ್‌ಗೆ ಹಾಕಿ. ಎಷ್ಟೋ ಸಲ ಅದರ ಸ್ವಂತ ಅಡಾಪ್ಟರೇ ಕಳ್ಳ. ಆಮೇಲೆ ಟಿವಿ ಮೇಜಿನಿಂದ ಎತ್ತಿ ಎರಡು ಮೂರು ಮೀಟರ್ ಆಚೆ ಇಡಿ. ಸಂಜೆ ತೊಂದರೆ ಶುರುವಾದ ಮೇಲೆ ಮೇನ್ ಬೋರ್ಡ್‌ಗೆ ಹೋಗಿ ಎಂಸಿಬಿಗಳನ್ನು ಒಂದೊಂದಾಗಿ ಇಳಿಸಿ. ಒಂದು ಇಳಿಸಿ, ಐದು ನಿಮಿಷ ಕಾಯಿರಿ, ಪ್ಯಾಕೆಟ್ ಬರುತ್ತಾ ನೋಡಿ, ಮತ್ತೆ ಏರಿಸಿ, ಮುಂದಿನದು. ಆತುರ ಮಾಡಿದರೆ ಏನೂ ಗೊತ್ತಾಗಲ್ಲ. ಪವರ್ ಬ್ಯಾಂಕ್ ಇರುವುದರಿಂದ ಕನ್ಸೋಲ್ ಆರಿಹೋಗುವ ಚಿಂತೆ ಇಲ್ಲ.

ಹಳೇ ಎಎಂ ರೇಡಿಯೋ ಇದ್ದರೆ ಅದನ್ನು ದೀಪ, ಚಾರ್ಜರ್‌ಗಳ ಹತ್ತಿರ ಹಿಡಿದರೂ ಗೊರ್ ಅಂತ ಸದ್ದು ಬರುತ್ತದೆ. ಆದರೆ ಎಎಂನಲ್ಲಿ ಗೊರಗುಟ್ಟುವುದೆಲ್ಲ 433ರವರೆಗೂ ಹಬ್ಬುತ್ತದೆ ಅಂತೇನಿಲ್ಲ. ಅದು ಸುಳಿವು, ಸಾಕ್ಷಿ ಅಲ್ಲ.

ಕುತೂಹಲಿ

ಸರ್, ಆರ್‌ಟಿಎಲ್ ಎಸ್‌ಡಿಆರ್ ಡಾಂಗಲ್ ಇದ್ದರೆ ಇನ್ನೂ ಸುಲಭ ಅಲ್ವಾ? ಅದು ಡಿಜಿಟಲ್ ಟಿವಿ ನೋಡಲು ಬಂದ ಪುಟ್ಟ ಯುಎಸ್‌ಬಿ ಸಾಧನ, ರೇಡಿಯೋ ಅಲೆ ನೋಡಲು ಬಳಸಬಹುದು. ಆರ್‌ಟಿಎಲ್_433 ಅನ್ನುವ ಉಚಿತ ತಂತ್ರಾಂಶ ಹಾಕಿದರೆ ಸುತ್ತಲಿನ ಸೆನ್ಸರ್‌ಗಳ ಪ್ಯಾಕೆಟ್ ಎಲ್ಲ ಪರದೆ ಮೇಲೆ ಬೀಳುತ್ತವೆ. ಪ್ರತಿ ಪ್ಯಾಕೆಟ್ ಎಷ್ಟು ಬಲವಾಗಿತ್ತು, ಆಗ ಗದ್ದಲ ಎಷ್ಟಿತ್ತು ಅಂತ ಡೆಸಿಬೆಲ್‌ನಲ್ಲಿ ತೋರಿಸುವಂತೆಯೂ ಹೇಳಬಹುದು. ನನ್ನ ಮನೆಯಲ್ಲಿ ಓಡಿಸಿದಾಗ ರಸ್ತೆಯಲ್ಲಿ ಹೋಗುವ ಕಾರುಗಳ ಟೈರಿನ ಗಾಳಿ ಎಷ್ಟಿದೆ ಅಂತಲೂ ಬರುತ್ತಿತ್ತು!

ಹಳೇರೇಡಿಯೋ

ಇದ್ದರೆ ಅದಕ್ಕಿಂತ ಒಳ್ಳೇ ಕಣ್ಣು ಬೇರೆ ಇಲ್ಲ. 433ರ ಪಟ್ಟಿ ಎಷ್ಟು ಕಿಕ್ಕಿರಿದಿದೆ ಅಂತಲೂ ಗೊತ್ತಾಗುತ್ತದೆ. ಕಾರಿನ ಕೀ, ಗೇಟಿನ ರಿಮೋಟ್, ವೈರ್‌ಲೆಸ್ ಕರೆಗಂಟೆ, ಟೈರ್ ಸೆನ್ಸರ್, ಎಷ್ಟೋ ಕಡೆ ಎಲ್ಲ ಅಲ್ಲೇ. ಆದರೆ ಇವೆಲ್ಲ ಕ್ಷಣ ಕಾಲ ಕೂಗಿ ನಿಲ್ಲುವಂಥವು. ಗಂಟೆಗಟ್ಟಲೆ ಅಡ್ಡ ಬರುವುದು ಹೆಚ್ಚಾಗಿ ಚಾರ್ಜರ್, ದೀಪಗಳಂಥವುಗಳ ಒಳಗಿನ ಸ್ವಿಚಿಂಗ್ ಪವರ್ ಸಪ್ಲೈ. ಡಾಂಗಲ್ ಅನ್ನು ಮಾತ್ರ ಕಂಪ್ಯೂಟರ್‌ಗೆ ನೇರ ಚುಚ್ಚಬೇಡಿ, ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರ್ ಹಾಕಿ ದೂರ ಇಡಿ. ಇಲ್ಲದಿದ್ದರೆ ಕಂಪ್ಯೂಟರ್‌ನ ಗದ್ದಲವನ್ನೇ ಅಳೆಯುತ್ತೀರಿ.

ಮೋಡಗಣ್ಣು

ಸಿಕ್ಕಿತು!

ಪವರ್ ಬ್ಯಾಂಕ್ ಹಾಕಿದರೂ ಸಂಜೆ ಹಾಗೇ ಇತ್ತು. ಟಿವಿ, ಚಾರ್ಜರ್ ಎಲ್ಲ ಪ್ಲಗ್ ತೆಗೆದರೂ ಅಷ್ಟೇ. ಕನ್ಸೋಲ್ ಅನ್ನು ಮನೆಯ ಇನ್ನೊಂದು ಬದಿಯ ಕೋಣೆಗೆ ಒಯ್ದಾಗ ಪ್ಯಾಕೆಟ್ ಬರತೊಡಗಿತು, ಅದೂ ಕಂಬದಿಂದ ಇನ್ನಷ್ಟು ದೂರ, ಒಂದು ಗೋಡೆ ಜಾಸ್ತಿ. ಆಮೇಲೆ ಎಂಸಿಬಿ. ಹೊರಗಿನ ದೀಪಗಳ ಎಂಸಿಬಿ ಇಳಿಸಿದ ತಕ್ಷಣ ಎರಡೂ ಸೆನ್ಸರ್ ಹಾಜರ್.

ಆ ಮೇಜಿನ ಪಕ್ಕದ ಕಿಟಕಿ ಹೊರಗೆ, ಸಜ್ಜಾ ಕೆಳಗೆ ಎಲ್‌ಇಡಿ ಫ್ಲಡ್‌ಲೈಟ್ ಇದೆ. ಕತ್ತಲಾದರೆ ತಾನೇ ಹತ್ತುತ್ತದೆ, ಹನ್ನೊಂದಕ್ಕೆ ಟೈಮರ್ ಆರಿಸುತ್ತದೆ. ಗೋಡೆಯ ಆಚೆ ಈಚೆ ಅಷ್ಟೇ, ಕನ್ಸೋಲ್‌ಗೂ ಅದಕ್ಕೂ ಒಂದು ಮೀಟರ್ ಇಲ್ಲ. ದೀಪ ಬದಲಿಸಿ ಬೇರೆ ಹಾಕಿಸಿದೆವು. ಸಂಜೆಯ ತೂತು ಮುಚ್ಚಿದೆ. ಈಗ ಗಂಟೆಗೆ 225ರಲ್ಲಿ 220ಕ್ಕೂ ಜಾಸ್ತಿ ಬರುತ್ತಿದೆ.

ಕಂಪನಿಯವರ ಮಾತು ಕೇಳಿ ಸೆನ್ಸರ್ ತರಿಸಿದ್ದರೆ ಅದೂ ಕಂಬದ ಮೇಲೆ ಕೂತು ಹೀಗೇ ಮಾಡುತ್ತಿತ್ತು.

ಗಾಳಿಮಾತು

ಎಲ್‌ಇಡಿ ದೀಪಕ್ಕೂ ರೇಡಿಯೋಗೂ ಏನು ಸಂಬಂಧ ಸ್ವಾಮಿ? ಅದು ಬೆಳಕು ತಾನೆ?

ಹಳೇರೇಡಿಯೋ

ಬೆಳಕಿನದಲ್ಲ, ಅದಕ್ಕೆ ಕರೆಂಟ್ ಕೊಡುವ ಡ್ರೈವರ್‌ನದು. ಅದು ಮನೆಯ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಎಲ್‌ಇಡಿಗೆ ಬೇಕಾದ ಹಾಗೆ ಮಾಡುತ್ತದೆ. ಹಾಗೆ ಥಟ್ಟನೆ ಕತ್ತರಿಸುವಾಗ ಮೇಲಿನ ಆವರ್ತನಗಳಲ್ಲೂ ಅಲೆ ಏಳುತ್ತದೆ. ಒಳ್ಳೇ ಡ್ರೈವರ್‌ನಲ್ಲಿ ಅದನ್ನು ತಡೆಯುವ ಫಿಲ್ಟರ್ ಇರುತ್ತದೆ. ಕಳಪೆಯದರಲ್ಲಿ ದುಡ್ಡು ಉಳಿಸಲು ಅದನ್ನೇ ಬಿಟ್ಟಿರುತ್ತಾರೆ, ಆಗ ಗದ್ದಲ ನೂರಾರು ಮೆಗಾಹರ್ಟ್ಸ್‌ವರೆಗೂ ಹೋಗುತ್ತದೆ. ದೀಪಕ್ಕೆ ಹೋಗುವ ವೈರೇ ಆಂಟೆನಾ ಆಗುತ್ತದೆ. ದೀಪ ಬದಲಿಸಲು ಆಗದವರು ವೈರಿಗೆ ಗದ್ದಲ ತಗ್ಗಿಸುವ ಫೆರೈಟ್ ಕ್ಲಿಪ್ ಹಾಕಿ ನೋಡಬಹುದು, ಸ್ವಲ್ಪ ತಗ್ಗುತ್ತದೆ. ಕನ್ಸೋಲ್ ಜಾಗ ಬದಲಿಸುವುದು ಅದಕ್ಕಿಂತ ಸಲೀಸು.

ಮೋಡಗಣ್ಣು ಅವರೇ, ಉಳಿದ ನಾಲ್ಕೈದು ಪ್ಯಾಕೆಟ್ ಬಿಟ್ಟುಬಿಡಿ. ನೂರಕ್ಕೆ ನೂರು ಬೇಕು ಅಂತ ಹೊರಟರೆ ಹುಚ್ಚು ಹಿಡಿಯುತ್ತದೆ. ಬೇಕಿದ್ದರೆ ಕನ್ಸೋಲ್ ಅನ್ನು ಮೇಜಿನ ಮೇಲೇ ಒಂದು ಗೇಣು ಆ ಕಡೆ ಈ ಕಡೆ ಸರಿಸಿ ನೋಡಿ. ಗೋಡೆಗಳಿಂದ ಚಿಮ್ಮಿ ಬಂದ ಅಲೆಗಳು ಒಂದನ್ನೊಂದು ಅಳಿಸುವ ಜಾಗಗಳು ಇರುತ್ತವೆ. ಅಲೆಯ ಕಾಲು ಭಾಗದಷ್ಟು ಸರಿದರೆ ಎಷ್ಟೋ ಸಲ ಅದರಿಂದ ಆಚೆ ಬಂದಿರುತ್ತೀರಿ.

ತಾರಸಿವಾಸಿ

ಈ ಚರ್ಚೆ ನೋಡಿ ಸೇರಿಕೊಂಡೆ. ನನ್ನದು ಬೇರೆ ಥರ. ಕಂಬ ತಾರಸಿ ಮೇಲೆ, ಕನ್ಸೋಲ್ ಸರಿಯಾಗಿ ಅದರ ಕೆಳಗಿನ ಕೋಣೆಯಲ್ಲಿ. ದೂರ 7 ಮೀಟರ್ ಅಷ್ಟೇ, ಆದರೂ ಹಗಲು ರಾತ್ರಿ ಅರ್ಧಂಬರ್ಧ. ಕೆಳಗೆ ಅಂಗಳಕ್ಕೆ ತಂದರೆ ಪಕ್ಕಾ ಬರುತ್ತದೆ. ಇದೇನು?

ತಂತಿಮನುಷ್ಯ

ಇದಕ್ಕೆ ನಾನು ಹೇಳುತ್ತೇನೆ. ನೆಟ್ಟಗೆ ನಿಂತ ಆಂಟೆನಾ ಸುತ್ತ ಬದಿಗೆ ಚೆನ್ನಾಗಿ ಕಳಿಸುತ್ತದೆ, ತನ್ನ ತುದಿಯ ದಿಕ್ಕಿಗೆ ಬಹಳ ಕಡಿಮೆ. ನಿಮ್ಮ ಸೆನ್ಸರ್‌ನ ನೇರ ಕೆಳಗೆ ಕನ್ಸೋಲ್ ಇದೆ. ಕಳಿಸುವುದು, ಕೇಳುವುದು ಎರಡೂ ಅಂಥ ಕುರುಡು ದಿಕ್ಕಿನಲ್ಲಿ. ಸಾಲದ್ದಕ್ಕೆ ನಡುವೆ ಕಬ್ಬಿಣದ ಸರಳು ತುಂಬಿದ ಕಾಂಕ್ರೀಟ್ ಚಾವಣಿ. ಕನ್ಸೋಲ್ ಅನ್ನು ಮನೆಯ ಬೇರೆ ಮೂಲೆಗೆ, ಕಿಟಕಿ ಹತ್ತಿರ ಇಡಿ. ದೂರ ಜಾಸ್ತಿಯಾದರೂ ಪರವಾಗಿಲ್ಲ. ಬಯಲಲ್ಲಿ ದೂರ ಎರಡು ಪಟ್ಟಾದರೆ ಹೋಗುವುದು 6 ಡೆಸಿಬೆಲ್, ಸರಳಿನ ಚಾವಣಿ ಅದಕ್ಕಿಂತ ಎಷ್ಟೋ ಜಾಸ್ತಿ ತಿನ್ನುತ್ತದೆ. ಕನ್ಸೋಲ್‌ಗೆ ಮಡಚುವ ಆಂಟೆನಾ ಇದ್ದರೆ ನೆಟ್ಟಗೆ ನಿಲ್ಲಿಸಿ. ಅದರ ತುದಿಯನ್ನು ಸೆನ್ಸರ್ ಕಡೆ ತೋರಿಸಬೇಡಿ.

ಕುತೂಹಲಿ

ನನ್ನದೂ ಒಂದು ಪ್ರಶ್ನೆ ಇದೆ. ಒಂದೇ ಮಾದರಿಯ ಎರಡು ಹೊರ ಸೆನ್ಸರ್ ಇಟ್ಟಿದ್ದೇನೆ, ಒಂದು ನೆಲದ ಹತ್ತಿರ, ಒಂದು ಎತ್ತರದಲ್ಲಿ. ಒಂದಷ್ಟು ದಿನ ಚೆನ್ನಾಗಿರುತ್ತವೆ. ಆಮೇಲೆ ಒಮ್ಮೆ ಅರ್ಧ ಗಂಟೆ ಎರಡೂ ಸತ್ತುಹೋಗುತ್ತವೆ. ಹೊತ್ತು ಗೊತ್ತು ಇಲ್ಲ. ದೀಪ, ಚಾರ್ಜರ್ ಎಲ್ಲ ನೋಡಿದ್ದಾಯಿತು.

ಹಳೇರೇಡಿಯೋ

ಅವೆರಡೂ ಒಂದನ್ನೊಂದು ತುಳಿಯುತ್ತಿವೆ. ಎರಡೂ 16 ಸೆಕೆಂಡಿಗೊಮ್ಮೆ ಕೂಗುತ್ತವೆ ಅಂದುಕೊಳ್ಳಿ, ಒಂದು ಪ್ಯಾಕೆಟ್ 50 ಮಿಲಿಸೆಕೆಂಡ್ ಉದ್ದ. ಎರಡರ ಗಡಿಯಾರ ಪೂರ್ತಿ ಒಂದೇ ಇರುವುದಿಲ್ಲ. ಪ್ರತಿ ಸುತ್ತಿಗೆ ಒಂದು ಮಿಲಿಸೆಕೆಂಡ್ ಸರಿದರೆ, ಪ್ಯಾಕೆಟ್‌ಗಳು ತಾಗಲು ಶುರುವಾದಲ್ಲಿಂದ ಬಿಡುವವರೆಗೆ ನೂರು ಸುತ್ತು. ಅಂದರೆ ಹತ್ತಿರ ಹತ್ತಿರ 27 ನಿಮಿಷ. ಆಮೇಲೆ ಬೇರೆಯಾಗುತ್ತವೆ, ಮತ್ತೆ ಡಿಕ್ಕಿ ಹೊಡೆಯಲು ಮೂರು ದಿನ ಬೇಕು. ನಿಮ್ಮ ಅಂಕಿ ಬೇರೆ ಇರಬಹುದು, ಲೆಕ್ಕ ಇದೇ.

ದೊಡ್ಡ ಕಂಪನಿಗಳಿಗೆ ಇದು ಗೊತ್ತು. ಡೇವಿಸ್ ಕಂಪನಿಯ ವ್ಯಾಂಟೇಜ್ ಪ್ರೊ2 ಹವಾಮಾನ ಕೇಂದ್ರದಲ್ಲಿ ಸೆನ್ಸರ್‌ನ ಐಡಿ ಪ್ರಕಾರ ಕಳಿಸುವ ಅಂತರವೇ ಬೇರೆ. ಒಂದನೇ ಐಡಿಗೆ 2.5625 ಸೆಕೆಂಡ್, ಎಂಟನೆಯದಕ್ಕೆ 3 ಸೆಕೆಂಡ್. ಡಿಕ್ಕಿಯಾದರೂ ಮುಂದಿನ ಸುತ್ತಿಗೇ ಬಿಡಿಸಿಕೊಳ್ಳುತ್ತವೆ.

ಒಂದರ ಸೆಲ್ ತೆಗೆದು ಮತ್ತೆ ಹಾಕಿದರೆ ಆ ಹೊತ್ತಿಗೆ ಬಿಡುಗಡೆ ಸಿಗುತ್ತದೆ, ಕೆಲವು ದಿನದಲ್ಲಿ ಮತ್ತೆ ಅದೇ ಕಥೆ. ಬ್ಯಾಟರಿ ಗೂಡಿನಲ್ಲಿ ಚಾನೆಲ್ ಬದಲಿಸುವ ಪುಟ್ಟ ಸ್ವಿಚ್ ಇದೆಯಾ ನೋಡಿ. ಕೆಲವು ಮಾದರಿಗಳಲ್ಲಿ ಚಾನೆಲ್ ಬದಲಿಸಿದರೆ ಅಂತರವೂ ಬದಲಾಗುತ್ತದೆ. ನಿಮ್ಮ ಡಾಂಗಲ್‌ನಲ್ಲಿ ಎರಡರ ಪ್ಯಾಕೆಟ್ ಬರುವ ಸಮಯ ಬರೆದಿಟ್ಟುಕೊಂಡು, ಚಾನೆಲ್ ಬದಲಿಸುವ ಮೊದಲು ಒಮ್ಮೆ, ಆಮೇಲೆ ಒಮ್ಮೆ ಇಲ್ಲಿ ಹಾಕಿ. ಅಂತರ ಬದಲಾಗದಿದ್ದರೆ ಒಂದು ಸೆನ್ಸರ್ ಬೇರೆ ಮಾದರಿಯದು ತಗೋಬೇಕಾಗುತ್ತದೆ.

ಕುತೂಹಲಿ

ಸ್ವಿಚ್ ಇದೆ ಸರ್, ಎರಡೂ ಬೇರೆ ಚಾನೆಲ್‌ನಲ್ಲೇ ಇವೆ, 1 ಮತ್ತು 2. ಒಂದನ್ನು 3ಕ್ಕೆ ಹಾಕಿ, ಇವತ್ತಿನಿಂದಲೇ ಸಮಯ ದಾಖಲಿಸುತ್ತೇನೆ. ಮುಂದಿನ ವಾರ ಅಂಕಿ ಹಾಕುತ್ತೇನೆ.